ಹಳೆಯ ಹಲಗೆಯ ಮೈ ಕೀಸಬೇಡಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತೊಟ್ಟಿಮನೆಗಳಲ್ಲಿ ಉಳಿದಿರುವ ಅಟ್ಟದ ಹಲಗೆ, ಕಂಬ, ಬಾಗಿಲುಗಳು ಮಂಕಾದವೆಂದರೆ ಎರಡೇ ಸಲಹೆ ಕೇಳಿಬರುತ್ತವೆ: ಯಂತ್ರದಿಂದ ಉಜ್ಜಿಸುವುದು, ಇಲ್ಲವೇ ಕಿತ್ತು ಮಾರಿ ಹೊಸ ಮರ ತರುವುದು. ಆ ಹೊಸ ಮರ ಎಲ್ಲಿಂದ ಬರಬೇಕು? ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ವನ್ಯಧಾಮವಾಯಿತು. ಪೇಟೆಯಲ್ಲಿ ತೇಗವೆಂದು ಕೊಳ್ಳುವ ಮರದಲ್ಲಿ ಎಷ್ಟೋ ಪಾಲು ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಹಡಗೇರಿ ಬಂದದ್ದು. ನಮ್ಮ ಕಾಡನ್ನು ಉಳಿಸಿಕೊಂಡು ಪರರ ಕಾಡನ್ನು ಕಡಿಸುವುದು ಯಾವ ನ್ಯಾಯ?

ಮಂಕು ಕವಿದಿರುವುದು ಸಾಮಾನ್ಯವಾಗಿ ಮರಕ್ಕಲ್ಲ, ಅದರ ಮೇಲಿನ ಲೇಪಕ್ಕೆ. ಒಲೆಯ ಹೊಗೆ, ಜಿಡ್ಡು, ಸವೆದ ವಾರ್ನಿಷ್‌ಗಳ ಅಡಿಯಲ್ಲಿ ಹೊನ್ನೆಯೋ ತೇಗವೋ ಗಟ್ಟಿಯಾಗಿಯೇ ಇರುತ್ತದೆ. ಉಪ್ಪುಕಾಗದದ ಯಂತ್ರವು ಲೇಪದೊಡನೆ ಮರದ ಮೈಯನ್ನೂ ಕೆತ್ತನೆಯ ಅಂಚನ್ನೂ ತಿನ್ನುತ್ತದೆ. ಏಳುವ ಧೂಳು ಇನ್ನೊಂದು ಕೇಡು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು; ಮನೆಬಣ್ಣದ ಸೀಸಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಮಕ್ಕಳಿರುವ ಮನೆಯಲ್ಲಿ ಅಂತಹ ಬಣ್ಣವನ್ನು ಒಣಗಿದ್ದಾಗ ಉಜ್ಜಲೇಬಾರದು.

ಮೊದಲು ಮರೆಯ ಮೂಲೆಯೊಂದರಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹತ್ತು ನಿಮಿಷದಲ್ಲಿ ಇಂಗಿ ಕಪ್ಪಾದರೆ ಲೇಪ ಸವೆದಿದೆ, ಮರ ಎಣ್ಣೆ ಕುಡಿಯಬಲ್ಲದು. ಅಂಟುವಾಳದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಎರಡು ದಿನ ಒಣಗಲು ಬಿಡಿ. ಬಣ್ಣದ ಅಂಗಡಿಯಲ್ಲಿ ದೊರೆಯುವ, ಡಬಲ್ ಬಾಯ್ಲ್ಡ್ ಎಂಬ ಹೆಸರಿನ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಅರ್ಧ ಗಂಟೆಯ ನಂತರ ಹೆಚ್ಚಾದುದನ್ನು ಒರೆಸಿ ತೆಗೆಯಿರಿ. ಕೆಲವು ದಿನ ಒಣಗಿದ ಮೇಲೆ ಜೇನುಮೇಣ ತಿಕ್ಕಿದರೆ ಹೊಳಪು ಬರುತ್ತದೆ. ಸೋಲಿಗರು ಇಳಿಸುವ ಹೆಜ್ಜೇನಿನ ಹುಟ್ಟನ್ನು ಕರಗಿಸಿ ಸೋಸಿದ ಮೇಣವೇ ಸಾಕು. (ಜೇನಿಗೆ ಸಿಗುವ ಗಮನ ಮೇಣಕ್ಕೆ ಏಕಿಲ್ಲವೆಂಬುದನ್ನು ನಮ್ಮ ಸಹಕಾರ ಸಂಘಗಳು ಯೋಚಿಸಬೇಕು.)

ಹನಿ ಇಂಗದೆ ನಿಂತರೆ ವಾರ್ನಿಷ್ ಅಥವಾ ಮೇಣ ಉಳಿದಿದೆ. ಮೇಣವನ್ನು ಟರ್ಪೆಂಟೈನಿನಿಂದ ಪೂರ್ತಿ ತೆಗೆಯದೆ ವಾರ್ನಿಷ್ ಬಳಿದರೆ ಅದು ಹಿಡಿಯದೆ ಸಿಪ್ಪೆಯೇಳುತ್ತದೆ.

ಪಟ್ಟಣದ ಮನೆಗಳಿಗೂ ವಸತಿಗೃಹಗಳಿಗೂ ಬರುತ್ತಿರುವ, ಕಾರ್ಖಾನೆಯಲ್ಲೇ ಪಾಲಿಷ್ ಆದ ನೆಲಹಲಗೆಗಳ ರೀತಿ ಬೇರೆ. ಅವುಗಳಲ್ಲಿ ಹಲವಕ್ಕೆ ಅಸಲು ಮರದ ಪದರ ಕೆಲವೇ ಮಿಲಿಮೀಟರ್. ಒಂದೆರಡು ಸಲ ಉಜ್ಜಿದರೆ ಮುಗಿಯಿತು. ಅವಕ್ಕೆ ಎಣ್ಣೆ, ಮೇಣ ಸೋಕಿಸದೆ, ಜಿಡ್ಡು ತೆಗೆದು, ಹಳೆಯ ಲೇಪಕ್ಕೆ ಹೊಸದು ಅಂಟುವಂತೆ ಮಾಡುವ ದ್ರವ ಹಚ್ಚಿ, ಮೇಲೊಂದು ತೆಳು ಲೇಪ ಕೊಡುವುದೇ ಸರಿ. ಲೇಪವನ್ನೂ ದಾಟಿದ ಆಳದ ಗೀರು ಇದರಿಂದ ಮಾಯವಾಗದು. ಗೆದ್ದಲು ತಿಂದ ಭಾಗಕ್ಕಂತೂ ಆಚಾರಿಯೇ ಬೇಕು, ಆದರೆ ಆ ಭಾಗಕ್ಕೆ ಮಾತ್ರ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಹುಲ್ಲಿನ ಬಳಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಮನೆಯಿಂದ ದೂರ ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿರಿ.