ಬಂದೂಕಿನ ಲೈಸೆನ್ಸು: ಯಾರ ಹಿನ್ನೆಲೆ ನೋಡ್ತೀರಿ?



ಅಮೆರಿಕದಲ್ಲಿ ಬಂದೂಕು ಮಾರುವಾಗ ಕೊಳ್ಳೋನ ಹಿನ್ನೆಲೆ ತಪಾಸಣೆ ಎಷ್ಟು ಬಿಗಿ ಇರಬೇಕು ಅನ್ನೋ ಜಗಳ ಹತ್ತಾರು ವರ್ಷದಿಂದ ನಡೀತಿದೆ. ಆ ಸುದ್ದಿ ಬಂದಾಗೆಲ್ಲ ನಮ್ಮ ವಿಜಯನಗರ, ರಾಜಾಜಿನಗರದ ಗೆಳೆಯರು "ಸದ್ಯ, ನಮ್ಮಲ್ಲಿ ಆ ಗೋಳಿಲ್ಲ, ಕಾನೂನು ಬಿಗಿಯಾಗಿದೆ" ಅಂತಾರೆ. ಬಿಗಿ ಇದೆ, ಒಪ್ತೀನಿ. ಆದ್ರೆ ಯಾರಿಗೆ ಬಿಗಿ, ಯಾರಿಗೆ ಸಡಿಲ? ಅದನ್ನ ಕೂತು ನೋಡೋಣ.

ನಮ್ಮಲ್ಲಿರೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಲೈಸೆನ್ಸ್ ಕೊಡೋರು ಜಿಲ್ಲೆಗಳಲ್ಲಿ ಡಿಸಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. ಅರ್ಜಿ ಬಂದ್ರೆ ಹತ್ತಿರದ ಠಾಣೆಯಿಂದ ವರದಿ ತರಿಸಬೇಕು. ವರದಿ ಟೈಮಿಗೆ ಬರದಿದ್ರೆ ಅದಿಲ್ಲದೇನೂ ತೀರ್ಮಾನ ಮಾಡಬಹುದು ಅಂತ ಅದೇ ಕಾಯ್ದೆ ಹೇಳುತ್ತೆ. 2019ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದು, ಒಬ್ಬರು ಇಟ್ಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಸಿದ್ರು, ಸರಿ. ಅದರ ಜೊತೆಗೇ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ರು. ಅಂದ್ರೆ ನವೀಕರಣದ ಹೊತ್ತಿಗೆ ಅವನ ಹಿನ್ನೆಲೆ ಮತ್ತೆ ನೋಡೋದು ಇನ್ನೂ 2 ವರ್ಷ ತಡ.

ಈಗ ಮುಖ್ಯ ವಿಷಯ. ಯಾರಿಗೆ ಬಂದೂಕು ಕೊಡಲೇಬಾರದು ಅಂತ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತೆ. ಹಿಂಸೆಯ ಅಪರಾಧದಲ್ಲಿ ಶಿಕ್ಷೆ ಆದವನಿಗೆ, ಶಿಕ್ಷೆ ಮುಗಿದ ಮೇಲೂ 5 ವರ್ಷ ಕೊಡಂಗಿಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ನಮ್ಮ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಆಗೋದು ಯಾವಾಗ? ಕಂಬಾಲಪಲ್ಲಿ ನೆನಪಿದೆಯಲ್ಲ? 2000ದ ಮಾರ್ಚ್ 11. ಏಳು ಜನ ದಲಿತರನ್ನ ಜೀವಂತ ಸುಟ್ರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಮರಕುಂಬಿಯಲ್ಲಿ ದಲಿತರ ಕೇರಿಗೆ ಬೆಂಕಿ ಇಟ್ಟಿದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ಕೋರ್ಟ್ 98 ಮಂದಿಗೆ ಜೀವಾವಧಿ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಈ ಎರಡು ಕಡೆ ಬಳಸಿದ್ದು ಬೆಂಕಿ, ಬಂದೂಕಲ್ಲ. ಬಂದೂಕಿದ್ದ ಕಡೆ ಏನಾಗುತ್ತೆ ಅಂತ ತಿಳೀಬೇಕಂದ್ರೆ ಬಿಹಾರ ನೋಡಿ. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆ 58 ಜನ ದಲಿತರನ್ನ ಕೊಂದಿತು. 2013ರಲ್ಲಿ ಪಟ್ನಾ ಹೈಕೋರ್ಟ್ 26 ಮಂದಿಯನ್ನೂ ಬಿಟ್ಟುಬಿಡ್ತು. ಶಿಕ್ಷೆಯನ್ನೇ ಅಳತೆಗೋಲು ಮಾಡ್ಕೊಂಡ್ರೆ ಇವರೆಲ್ಲ ಕಾಗದದ ಮೇಲೆ ಶುದ್ಧ ಹಸ್ತರು!

ಹಂಗಾದ್ರೆ ಕಾನೂನೇ ಇಲ್ವಾ? ಇದೆ ಕಣ್ರಪ್ಪ. ನಮ್ಮ ಕೈಯಲ್ಲೇ ಇದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳನ್ನ ತೆಗೀರಿ, 3ನೇ ನಿಯಮ ಓದಿ. ದೌರ್ಜನ್ಯ ನಡೆಯಬಹುದಾದ, ಮತ್ತೆ ಮರುಕಳಿಸಬಹುದಾದ ಪ್ರದೇಶಗಳನ್ನ ಸರ್ಕಾರ ಗುರುತಿಸಬೇಕು. ಅಲ್ಲಿ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ, ಕುಟುಂಬದ ಗೆಳೆಯರ ಬಂದೂಕು ಲೈಸೆನ್ಸ್ ರದ್ದು ಮಾಡಿ, ಆಯುಧವನ್ನ ಸರ್ಕಾರದ ಶಸ್ತ್ರಾಗಾರಕ್ಕೆ ಜಮಾ ಮಾಡಿಸಬಹುದು. ಅಕ್ರಮ ಬಂದೂಕು ಜಪ್ತಿ ಮಾಡಬೇಕು. ಜೀವ, ಆಸ್ತಿ ಉಳಿಸೋಕೆ ಬೇಕಾದ್ರೆ ಪರಿಶಿಷ್ಟರಿಗೇ ಲೈಸೆನ್ಸ್ ಕೊಡಬಹುದು.

ಶಿಕ್ಷೆ ಆಗೋವರೆಗೆ ಕಾಯಿರಿ ಅಂತ ಈ ನಿಯಮ ಎಲ್ಲೂ ಹೇಳಲ್ಲ. ಹಳ್ಳಿಯಲ್ಲಿ ಬಂದೂಕು ಒಬ್ಬನ ಹೆಸರಲ್ಲಿರುತ್ತೆ, ಹಿಡಿಯೋನು ಇನ್ನೊಬ್ಬ ಅನ್ನೋದೂ ಇದನ್ನ ಬರೆದವರಿಗೆ ಗೊತ್ತಿತ್ತು. ಅದಕ್ಕೇ ನೆಂಟರು, ಆಳುಗಳು ಅಂತ ಬಿಡಿಸಿ ಬರೆದಿದ್ದಾರೆ. ಆದ್ರೆ ಲೈಸೆನ್ಸ್ ರದ್ದು ಮಾಡೋ ಸಾಲಿನಲ್ಲಿ 'ಅಗತ್ಯ ಕಂಡುಬಂದಲ್ಲಿ' ಅಂತ ಒಂದು ಮಾತು ಸೇರ್ಕೊಂಡಿದೆ. ಅಗತ್ಯ ಕಾಣಬೇಕಾಗಿರೋದು ಅಧಿಕಾರಿಗಳ ಕಣ್ಣಿಗೆ. ಅವರ ಕಣ್ಣಿಗೆ ಕಾಣಲ್ಲ!

"ಅಕ್ರಮ ಪಿಸ್ತೂಲಿಗೆ ಲೈಸೆನ್ಸ್ ಯಾಕ್ ಬೇಕು, ಇದೆಲ್ಲ ವ್ಯರ್ಥ" ಅನ್ನೋ ವಾದ ಬರುತ್ತೆ. ನಮ್ಮ ಕೆಂಗೇರಿ ಪಕ್ಕದ ರಾಜರಾಜೇಶ್ವರಿ ನಗರದಲ್ಲೇ 2017ರ ಸೆಪ್ಟೆಂಬರ್ 5ರಂದು ಗೌರಿ ಮೇಡಂನ ಮನೆ ಬಾಗಿಲಲ್ಲಿ ಕೊಂದಿದ್ದು 7.65 ಎಂಎಂ ನಾಡ ಪಿಸ್ತೂಲಿನಿಂದ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿ ಸರ್‌ಗೆ ಹೊಡೆದಿದ್ದೂ ಅದೇ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳ್ತು. ನಿಜ, ಅದನ್ನ ಯಾವ ಪೊಲೀಸ್ ವೆರಿಫಿಕೇಶನ್ನೂ ತಡೀತಿರಲಿಲ್ಲ. ಆದ್ರೆ ಬೀದಿಯಲ್ಲಿ ಗುಂಡು ಹಾರೋದು ಒಂದು ಹಿಂಸೆ. ಜಮೀನ್ದಾರನ ಗೋಡೆ ಮೇಲೆ ತೂಗಾಡ್ತಾ ಇರೋ ಲೈಸೆನ್ಸ್ ಬಂದೂಕು ಇನ್ನೊಂದು. ಅದು ಒಂದು ಗುಂಡೂ ಹಾರಿಸದೇನೇ ಸಾಕ್ಷಿಗಳ ಬಾಯಿ ಮುಚ್ಚಿಸುತ್ತೆ. ಅಕ್ರಮ ಬಂದೂಕಿಗೆ ಜಪ್ತಿ, ಸಕ್ರಮ ಬಂದೂಕಿಗೆ ರದ್ದತಿ. ನಿಯಮ ಎರಡನ್ನೂ ಹೇಳಿದೆ.

"ಸುಳ್ಳು ಕೇಸು ಹಾಕಿ ಬಂದೂಕು ಕಿತ್ಕೊಂಡ್ರೆ? ಕಾಡುಹಂದಿ, ಆನೆ ಕಾಟ ಇರೋ ರೈತನ ಗತಿ?" ಈ ಪ್ರಶ್ನೆ ನ್ಯಾಯವಾದದ್ದೇ. ಚುನಾವಣೆ ಬಂದ್ರೆ ಜಿಲ್ಲಾಡಳಿತ ಲೈಸೆನ್ಸ್ ಬಂದೂಕು ಜಮಾ ಮಾಡಿಸಿಕೊಳ್ಳುತ್ತೆ, ಆಮೇಲೆ ವಾಪಸ್ ಕೊಡುತ್ತೆ. ಮತಪೆಟ್ಟಿಗೆ ಕಾಯೋಕೆ ಆಗುತ್ತಂತೆ, ಒಂದು ಕೇರಿ ಕಾಯೋಕೆ ಆಗಲ್ವಂತೆ! ತನಿಖೆ ಮುಗಿಯೋವರೆಗೆ ಜಮಾ ಇರಲಿ, ನಿರ್ದೋಷಿ ಅಂತ ಆದ್ರೆ ವಾಪಸ್ ಕೊಡಲಿ. ಬಂದೂಕು ಹಿಡಿಯೋದು ಸಂವಿಧಾನದ ಹಕ್ಕು ಅನ್ನೋ ಅಮೆರಿಕದಲ್ಲೇ, 2024ರ ಜೂನ್‌ನಲ್ಲಿ ರಹೀಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳ್ತು ಗೊತ್ತಾ? ಇನ್ನೊಬ್ಬರಿಗೆ ಅಪಾಯ ಅಂತ ಕೋರ್ಟ್ ಗುರುತಿಸಿದವನಿಂದ ತಾತ್ಕಾಲಿಕವಾಗಿ ಬಂದೂಕು ತೆಗೆದುಕೊಳ್ಳಬಹುದು ಅಂತ, 8–1 ಬಹುಮತದಲ್ಲಿ. ನಮ್ಮಲ್ಲಿ ಅದು ಹಕ್ಕೇ ಅಲ್ಲ, ಬರೀ ಅನುಮತಿ.

"ಬಂದೂಕಿನಲ್ಲೂ ಜಾತಿ ತರ್ತೀರಾ" ಅನ್ನೋರಿಗೆ ಒಂದು ಮಾತು. ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರ ಸಂಪ್ರದಾಯದ ಮೇಲೆ ನನಗೆ ಜಗಳವಿಲ್ಲ. ಆದ್ರೆ ಅದೇ ತೋಟಗಳ ಲೈನ್‌ಮನೆಯಲ್ಲಿ ಬದುಕೋ ಯರವರಿಗೆ ಆ ವಿನಾಯಿತಿ ಇಲ್ಲ. ಕೊಡೋವಾಗ ಹುಟ್ಟು, ಭೂಮಿ ನೋಡಿದ ರಾಜ್ಯ, ಕಾಪಾಡೋವಾಗ ಮಾತ್ರ ಜಾತಿ ನೋಡಲ್ಲ ಅಂದ್ರೆ ಹೆಂಗೆ?

ಚಾತುರ್ವರ್ಣ್ಯ ಕೆಳಗಿನವರ ಕೈಗೆ ಆಯುಧ ಸಿಗದ ಹಾಗೆ ನೋಡಿಕೊಂಡಿದ್ದಕ್ಕೇ ಇಲ್ಲಿ ದಂಗೆ ಏಳಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ಬರೆದ್ರು. ಹಾಗಂತ ಎಲ್ಲರೂ ಬಂದೂಕು ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಮೊದಲು ನಮ್ಮ ಕಡೆ ಗುರಿ ಇಟ್ಟಿರೋ ಬಂದೂಕು ಕೆಳಗಿಳೀಲಿ.

ಮಾಡಬೇಕಾದ್ದು ಇಷ್ಟು. ಒಂದು, ನಿಮ್ಮ ಜಿಲ್ಲೆಯ ಡಿಸಿಗೆ ಆರ್‌ಟಿಐ ಹಾಕಿ: 3ನೇ ನಿಯಮದಡಿ ಎಷ್ಟು ಪ್ರದೇಶ ಗುರುತಿಸಿದ್ದೀರಿ, ಎಷ್ಟು ಲೈಸೆನ್ಸ್ ರದ್ದು ಮಾಡಿದ್ದೀರಿ? ಎರಡು, ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು; ಅಲ್ಲಿ ನಮ್ಮ ಸದಸ್ಯರು ಈ ಲೆಕ್ಕ ಕೇಳಲಿ. ಮೂರು, ದೌರ್ಜನ್ಯದ ಎಫ್‌ಐಆರ್ ಆದ ತಕ್ಷಣ ಆರೋಪಿಯ ಮನೆಯ ಲೈಸೆನ್ಸ್ ಪರಿಶೀಲನೆ ಕಡ್ಡಾಯ ಮಾಡಿ ಅಂತ ರಾಜ್ಯ ಸರ್ಕಾರವನ್ನ ಒತ್ತಾಯಿಸೋಣ. ನಾಲ್ಕು, ಹೋರಾಟದಲ್ಲಿ ಬಿದ್ದ ಕೇಸುಗಳನ್ನ ತೋರಿಸಿ 'ಶಾಂತಿಭಂಗ' ಅಂತ ನಮ್ಮವರ ಅರ್ಜಿ ತಳ್ಳಿಹಾಕೋದು ನಿಲ್ಲಲಿ.

ಆರ್‌ಟಿಐ ಅರ್ಜಿ ಬರೆಯೋಕೆ ಸಹಾಯ ಬೇಕಾದೋರು ಕಾಮೆಂಟಲ್ಲಿ ಜಿಲ್ಲೆ ಹೆಸರು ಹಾಕಿ. ಉತ್ತರ 'ಸೊನ್ನೆ' ಅಂತ ಬಂದ್ರೂ ಪರವಾಗಿಲ್ಲ, ಆ ಸೊನ್ನೆಯನ್ನೇ ಸಹಿ, ಸೀಲು ಸಮೇತ ವಿಧಾನಸೌಧದ ಮುಂದೆ ಇಡೋಣ.

ಜೈಭೀಮ್.