ಕಿರೀಟದ ಕೆಂಪು ಹರಳು ಮಾಣಿಕ್ಯವೇ?

ಬ್ರಿಟನ್ನಿನ ಇಂಪೀರಿಯಲ್ ಸ್ಟೇಟ್ ಕಿರೀಟದ ಮುಂಭಾಗದಲ್ಲಿ ದೊಡ್ಡ ಕೆಂಪು ಹರಳೊಂದಿದೆ. ಹೆಸರು 'ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ'. ಆದರೆ ಅದು ಮಾಣಿಕ್ಯವಲ್ಲ, ಸ್ಪಿನೆಲ್! ಇವೆರಡೂ ಬೇರೆ ಬೇರೆ ಖನಿಜಗಳೆಂದು ಫ್ರಾನ್ಸಿನ ರೋಮೆ ದ ಲೀಲ್ ತೋರಿಸಿಕೊಟ್ಟದ್ದು 1783ರಲ್ಲಿ.

ಗೊಂದಲ ಸಹಜವೇ. ಎರಡಕ್ಕೂ ಕೆಂಪು ಬರುವುದು ಅಲ್ಪಸ್ವಲ್ಪ ಕ್ರೋಮಿಯಂನಿಂದ. ಮ್ಯಾನ್ಮಾರಿನ ಮೊಗೊಕ್‌ನಲ್ಲಿ ಎರಡೂ ಒಟ್ಟೊಟ್ಟಿಗೇ ಸಿಗುತ್ತವೆ. ಮಾಣಿಕ್ಯ ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಮೆಗ್ನೀಷಿಯಂ ಕೂಡ ಉಂಟು. ಮೋಹ್ಸ್ ಮಾನದಲ್ಲಿ ಮಾಣಿಕ್ಯದ ಗಡಸುತನ 9, ಸ್ಪಿನೆಲ್‌ನದು 8. ಹಾಗೆಂದು ಗೀಚಿ ನೋಡಲು ಹೋಗಬೇಡಿ, ಹರಳು ಕೆಟ್ಟೀತು!

ತೂಗಿ ನೋಡುವುದು ಲೇಸು. ಆರ್ಕಿಮಿಡೀಸನ ತತ್ತ್ವ ನೆನಪಿದೆಯಷ್ಟೆ? 1 ಗ್ರಾಂ, ಅಂದರೆ 5 ಕ್ಯಾರಟ್ ತೂಕದ ಬಿಡಿ ಮಾಣಿಕ್ಯ ನೀರಿನಲ್ಲಿ 0.25 ಗ್ರಾಂ ಕಳೆದುಕೊಂಡರೆ, ಅಷ್ಟೇ ತೂಕದ ಸ್ಪಿನೆಲ್ ಸುಮಾರು 0.28 ಗ್ರಾಂ ಕಳೆದುಕೊಳ್ಳುತ್ತದೆ. ಸೂಕ್ಷ್ಮ ತಕ್ಕಡಿ ಮಾತ್ರ ಬೇಕು.

ಬೆಳಕು ಇನ್ನೂ ಸೊಗಸಾಗಿ ಗುಟ್ಟು ಬಿಟ್ಟುಕೊಡುತ್ತದೆ. ಸ್ಪಿನೆಲ್‌ನ ವಕ್ರೀಭವನಾಂಕ ಎಲ್ಲ ದಿಕ್ಕಿನಲ್ಲೂ ಒಂದೇ, ಸುಮಾರು 1.718. ಮಾಣಿಕ್ಯವಾದರೋ ಕಿರಣವನ್ನು ಎರಡಾಗಿ ಸೀಳುತ್ತದೆ, ಅದಕ್ಕೆ 1.762 ಮತ್ತು 1.770 ಎಂಬ ಎರಡು ಅಂಕಗಳು. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹರಳನ್ನಿಟ್ಟು, ಬೇರೆ ಬೇರೆ ಬದಿಗಳಿಂದ ತಿರುಗಿಸಿ ನೋಡಿ. ಮಾಣಿಕ್ಯ ಬೆಳಗುತ್ತ, ಕಪ್ಪಾಗುತ್ತ ಇರುತ್ತದೆ. ಸ್ಪಿನೆಲ್ ಕಪ್ಪಾಗಿಯೇ ಉಳಿಯುತ್ತದೆ. ಗಾಜೂ ಅಷ್ಟೇ.

ಆಭರಣ ಕೊಳ್ಳುವ ತಂದೆತಾಯಿಯರಿಗೊಂದು ಮಾತು. 1902ರಲ್ಲಿ ವೆರ್ನ್ಯೂಯಿ ಪ್ರಕಟಿಸಿದ ವಿಧಾನದಿಂದ ಜ್ವಾಲೆಯಲ್ಲಿ ಕರಗಿಸಿ ಮಾಡುವ ಕೃತಕ ಮಾಣಿಕ್ಯ ಈ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುತ್ತದೆ! ಅದರೊಳಗಿನ ಬಾಗಿದ ಗೆರೆಗಳನ್ನೂ ಗಾಳಿಗುಳ್ಳೆಗಳನ್ನೂ ಹುಡುಕಲು ಸೂಕ್ಷ್ಮದರ್ಶಕವೇ ಬೇಕು.