ಬೇಲಿ ಕಟ್ಟದ ಬೀದಿಗೆ ಹೋರಿ ಬಿಡಬೇಡಿ

2025ರ ದೀಪಾವಳಿಯ ಪಾಡ್ಯದ ಹಬ್ಬದಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. ಪತ್ರಿಕೆಗಳು ವರದಿ ಮಾಡಿದಂತೆ ಹಾವೇರಿ ನಗರದಲ್ಲಿ ಸತ್ತವರು ಹಳೆ ಪಿ.ಬಿ. ರಸ್ತೆಯಲ್ಲಿ ನಡೆದು ಹೊರಟಿದ್ದ ಹಿರಿಯರು. ದೇವಿಹೊಸೂರಿನಲ್ಲಿ ಸತ್ತವರೂ ಹಿರಿಯರೇ, ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದವರು. ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಸತ್ತವನು ನೋಡಲು ನಿಂತಿದ್ದ ಯುವಕ. ಇವರಲ್ಲಿ ಯಾರೂ ಕೊಬ್ಬರಿ ಹರಿಯಲು ಅಖಾಡಕ್ಕೆ ಇಳಿದವರಲ್ಲ. ಸುದ್ದಿ ಬಂದ ಮೇಲೆ ಎಂದಿನಂತೆ ಎರಡು ಗುಂಪಿನ ಜಗಳ ಶುರುವಾಯಿತು. ಹೋರಿ ಬೆದರಿಸುವುದನ್ನೇ ನಿಷೇಧಿಸಿ ಎಂದು ಒಬ್ಬರು, ರೈತರ ಹಬ್ಬಕ್ಕೆ ಕೈ ಹಚ್ಚಬೇಡಿ ಎಂದು ಇನ್ನೊಬ್ಬರು. ಇಬ್ಬರೂ ಹೋರಿಯ ಬಗ್ಗೆಯೇ ಮಾತಾಡುತ್ತಾರೆ. ಹೋರಿ ಓಡುವ ಬೀದಿಯ ಬಗ್ಗೆ ಮಾತಾಡುವವರಿಲ್ಲ. ಓಟ ಉಳಿಯಬೇಕು ಎನ್ನುವವರ ಪಕ್ಷದಲ್ಲಿ ನಿಂತೇ ನಾನು ಹೇಳುತ್ತೇನೆ: ಜನ ವಾಸಿಸುವ ಬೀದಿಯನ್ನು ಓಟದ ದಾರಿ ಮಾಡುವವರು ಆ ದಾರಿಯ ಎರಡೂ ಬದಿಗೆ ಗಟ್ಟಿ ಬೇಲಿ ಕಟ್ಟಬೇಕು, ಕಟ್ಟಲಾಗದಿದ್ದರೆ ಆ ಬೀದಿಗೆ ಹೋರಿ ಬಿಡಬಾರದು.

ಈ ಆಟ ನೋಡದವರಿಗಾಗಿ ಒಂದಿಷ್ಟು ವಿವರ. ತಿಂಗಳುಗಟ್ಟಲೆ ಹಿಂಡಿ, ಹುರುಳಿ ತಿನ್ನಿಸಿ, ಈಜಾಡಿಸಿ ತಯಾರು ಮಾಡಿದ ಹೋರಿಗೆ ಝೂಲಾ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊರಳಿಗೆ ಕೊಬ್ಬರಿ ಬಟ್ಟಲಿನ ಸರ ಹಾಕುತ್ತಾರೆ. ಪಟಾಕಿ, ಹಲಗೆ, ಸಿಳ್ಳೆಗಳ ನಡುವೆ ಒಂದೊಂದಾಗಿ ಬಿಡುತ್ತಾರೆ. ಕೊಬ್ಬರಿ ಹರಿಗೊಡದೆ ಪಾರಾದ ಹೋರಿ ಗೆಲ್ಲುತ್ತದೆ. ಹರಿದ ಪೈಲ್ವಾನನಿಗೂ ಹೆಸರು ಬರುತ್ತದೆ. ಹೋರಿ ಎಂಬುದು ಇಲ್ಲಿ ಬರೀ ದನವಲ್ಲ. ಅದಕ್ಕೆ ಹೆಸರಿದೆ, ಅಭಿಮಾನಿಗಳಿದ್ದಾರೆ, ಸತ್ತರೆ ಊರೇ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ಹಾವೇರಿ, ಶಿಕಾರಿಪುರ, ಸೊರಬದ ಕಡೆ ಇದರ ಹುಚ್ಚು ಹೆಚ್ಚು. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆ ಹಾವೇರಿ ಜಿಲ್ಲೆಗೆ ಅಂಟಿಕೊಂಡೇ ಇರುವುದರಿಂದ ಹೋರಿಯ ಮಾತು ಇಲ್ಲಿನವರಿಗೂ ಹೊರಗಿನದಲ್ಲ. ಅಡರಕಟ್ಟಿಯಂಥ ಊರಿನ ಬೀದಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ: ಎರಡು ಚಕ್ಕಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಅಗಲ, ಒಂದು ಬದಿಗೆ ಗಟಾರು, ಇನ್ನೊಂದು ಬದಿಗೆ ಕಟ್ಟೆಗಳು, ಹತ್ತು ಮಾರಿಗೊಂದು ತಿರುವು. ಐದಾರು ಕ್ವಿಂಟಲ್ ತೂಕದ ಬೆದರಿದ ಪ್ರಾಣಿ ಇಂಥ ದಾರಿಯಲ್ಲಿ ಬಂದಾಗ ಗಂಡಾಳು ಕಟ್ಟೆ ಏರಿ ಪಾರಾಗಬಹುದು. ಮೊಣಕಾಲು ಹಿಡಿದ ಅಜ್ಜಿ, ಆರು ವರ್ಷದ ಮಗು, ಬಸುರಿ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಜನರ ಬೀದಿಯಲ್ಲಿ ವೇಗದ ಓಟ ನಡೆಸುವ ಸಮಸ್ಯೆಯನ್ನು ನಮಗಿಂತ ಮೊದಲು ಎದುರಿಸಿ, ದೊಡ್ಡ ಬೆಲೆ ತೆತ್ತು ಪಾಠ ಕಲಿತ ಕ್ರೀಡೆ ಮೋಟಾರು ರೇಸು. ಇಟಲಿಯಲ್ಲಿ ಬ್ರೆಸಿಯಾದಿಂದ ರೋಮ್‌ಗೆ ಹೋಗಿ ಮರಳುವ ‘ಮಿಲ್ಲೆ ಮಿಲ್ಯಾ’ ರೇಸು 1927ರಲ್ಲಿ ಶುರುವಾಯಿತು. ಸುಮಾರು 1,600 ಕಿ.ಮೀ. ದೂರ ಕಾರುಗಳು ಹಳ್ಳಿಗಳ ನಡುವೆಯೇ ನುಗ್ಗುತ್ತಿದ್ದವು, ಜನ ರಸ್ತೆಯ ಅಂಚಿನಲ್ಲಿ ನಿಂತು ಕೈ ಬೀಸುತ್ತಿದ್ದರು. ಆ ದೇಶಕ್ಕೆ ಅದು ವರ್ಷದ ಜಾತ್ರೆಯೇ ಆಗಿತ್ತು. 1957ರ ಮೇ 12ರಂದು ಗ್ವಿದಿತ್ಸೊಲೊ ಎಂಬ ಊರಿನ ಹತ್ತಿರ ಒಂದು ಫೆರಾರಿಯ ಟೈರು ಸಿಡಿದು ಕಾರು ಜನರ ಮೇಲೆ ಹೋಯಿತು. ಚಾಲಕ, ಅವನ ಜೊತೆಗಾರ ಇಬ್ಬರೂ ಸತ್ತರು. ಅವರೊಡನೆ ನೋಡಲು ನಿಂತಿದ್ದ 9 ಮಂದಿ, ಅವರಲ್ಲಿ 5 ಮಕ್ಕಳು. ಇಟಲಿ ಆ ರೇಸನ್ನು ಅಲ್ಲಿಗೇ ನಿಲ್ಲಿಸಿತು. ಅದಕ್ಕೆ ಎರಡು ವರ್ಷ ಮೊದಲು, 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಒಂದು ಮರ್ಸಿಡಿಸ್ ಕಾರು ತಗ್ಗಾದ ಮಣ್ಣಿನ ದಿಬ್ಬಕ್ಕೆ ಬಡಿದು ಚೂರಾಗಿ, ಅದರ ತುಂಡುಗಳು ಗುಂಪಿನೊಳಗೆ ನುಗ್ಗಿ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತಿದ್ದರು. ಜನರಿಗೂ ಕಾರಿಗೂ ನಡುವೆ ಇದ್ದದ್ದು ಆ ದಿಬ್ಬ ಒಂದೇ. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸರ್ಕಿಟ್ ರೇಸನ್ನೇ ನಿಷೇಧಿಸಿತು. ಮತ್ತೆ ಅಂಥದೊಂದು ರೇಸು ಅಲ್ಲಿ ನಡೆದದ್ದು 2018ರಲ್ಲಿ, ಜ್ಯೂರಿಕ್ ನಗರದಲ್ಲಿ, ವಿದ್ಯುತ್ ಕಾರುಗಳದ್ದು. ಇನ್ನು ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ 1929ರಿಂದ ರೇಸು ನಡೆಯುತ್ತಿದೆ. 1967ರಲ್ಲಿ ಲೊರೆಂಜೊ ಬಂದೀನಿಯ ಕಾರು ಮಗುಚಿ, ತಡೆಗೋಡೆಯಾಗಿ ಇಟ್ಟಿದ್ದ ಹುಲ್ಲಿನ ಸಿವುಡುಗಳಿಗೂ ಬೆಂಕಿ ಹತ್ತಿ, ಅವನು ಸುಟ್ಟ ಗಾಯದಿಂದ ಮೂರು ದಿನದ ಮೇಲೆ ತೀರಿಕೊಂಡ. ಆಮೇಲೆ ಹುಲ್ಲು ಹೋಗಿ ಉಕ್ಕಿನ ಪಟ್ಟಿ ಬಂತು. ಮಿಲ್ಲೆ ಮಿಲ್ಯಾ ಹೋಯಿತು, ಮೊನಾಕೊ ಉಳಿಯಿತು. ಇದಕ್ಕೆ ಕಾರಣ ಧೈರ್ಯದ ಹೆಚ್ಚುಕಡಿಮೆಯಲ್ಲ. 1,600 ಕಿ.ಮೀ.ಗೆ ಬೇಲಿ ಕಟ್ಟಲಾಗುವುದಿಲ್ಲ, ಮೂರೂಕಾಲು ಕಿ.ಮೀ.ಗೆ ಕಟ್ಟಬಹುದು.

ನಮ್ಮ ದೇಶದಲ್ಲೂ ಇದು ಈಚೆಗೆ ಕಣ್ಣಿಗೆ ಬಿದ್ದಿದೆ. 2023ರ ಫೆಬ್ರುವರಿ 11ರಂದು ಹೈದರಾಬಾದಿನಲ್ಲಿ ಹುಸೇನ್ ಸಾಗರದ ಅಂಚಿಗೆ 2.83 ಕಿ.ಮೀ. ಬೀದಿ ಸರ್ಕಿಟ್‌ನಲ್ಲಿ ಫಾರ್ಮುಲಾ ಇ ರೇಸು ನಡೆಯಿತು. ನಗರದ ರಸ್ತೆಯ ಎರಡೂ ಬದಿಗೆ ಕಾಂಕ್ರೀಟ್ ತಡೆಗಳು, ಅವುಗಳ ಮೇಲೆ ಉಕ್ಕಿನ ಬಲೆ. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ಅದೇ ರಸ್ತೆಯಲ್ಲಿ ಇಂಡಿಯನ್ ರೇಸಿಂಗ್ ಲೀಗ್‌ನ ಸುತ್ತು ಅಪಘಾತ, ವಿಳಂಬಗಳ ನಡುವೆ ಮುಖ್ಯ ರೇಸು ನಡೆಯದೆಯೇ ಮುಗಿದಿತ್ತು. ಚೆನ್ನೈನಲ್ಲಿ 2024ರ ಆಗಸ್ಟ್ ಕೊನೆಗೆ ಐಲ್ಯಾಂಡ್ ಗ್ರೌಂಡ್ ಸುತ್ತ ಫಾರ್ಮುಲಾ 4 ನಡೆದಾಗ ಮಳೆ ಬಂದು ಅಂತರರಾಷ್ಟ್ರೀಯ ಮೋಟಾರು ರೇಸು ಒಕ್ಕೂಟದ ಪರಿಶೀಲನೆ ತಡವಾಯಿತು. ಸುರಕ್ಷತೆಯ ಪ್ರಮಾಣಪತ್ರ ಕೈಗೆ ಬರಲೇಬೇಕೆಂದು ಮದ್ರಾಸ್ ಹೈಕೋರ್ಟ್ ಪಟ್ಟು ಹಿಡಿದಿತ್ತು, ಮೊದಲ ದಿನದ ಕಾರ್ಯಕ್ರಮ ರಾತ್ರಿಗೆ ಹೋಯಿತು. ಈ ರೇಸುಗಳಿಗೆ ಸರ್ಕಾರದ ಹಣ ಹರಿದ ರೀತಿ ಬೇರೆಯೇ ವಿವಾದ. ಹೈದರಾಬಾದಿನ ಹಣ ಪಾವತಿಯ ಮೇಲೆ 2024ರ ಡಿಸೆಂಬರಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ದಾಖಲಿಸಿದೆ. ಆ ಲೆಕ್ಕಾಚಾರವನ್ನು ನಾನು ಸಮರ್ಥಿಸುತ್ತಿಲ್ಲ. ನನಗೆ ಬೇಕಾದದ್ದು ಅವರ ಒಂದೇ ಕ್ರಮ: ದಾರಿ ಸುರಕ್ಷಿತವೆಂದು ಅಧಿಕಾರವುಳ್ಳವರು ಸಹಿ ಹಾಕುವವರೆಗೆ ಓಟವಿಲ್ಲ. 2011ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ 1ರ ಅಭ್ಯಾಸ ನಡೆಯುವಾಗ ಟ್ರ್ಯಾಕಿಗೆ ಒಂದು ನಾಯಿ ಬಂತು. ಕೆಂಪು ಬಾವುಟ ಬೀಸಿ ಜಗತ್ತಿನ ಅತಿ ವೇಗದ ಕಾರುಗಳನ್ನೆಲ್ಲ ನಿಲ್ಲಿಸಿದರು. ಓಟದ ದಾರಿಗೆ ಒಂದು ನಾಯಿ ಬಂದರೆ ಎಲ್ಲವೂ ನಿಲ್ಲುವ ಕ್ರಮ ಈ ದೇಶದಲ್ಲೇ ಸಾಧ್ಯವಾಗಿರುವಾಗ, ಕಟ್ಟೆಯ ಮೇಲೆ ಮುದುಕರು ಕೂತಿದ್ದರೂ ಮುಂದಿನ ಹೋರಿ ಬಿಡುವುದನ್ನು ನಾವು ಹಬ್ಬವೆಂದು ಒಪ್ಪಿಕೊಂಡು ಕೂತಿದ್ದೇವೆ. ಇದು ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಕಾನೂನು ಏನು ಮಾಡಿದೆ? 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ ತನ್ನ 2017ರ ತಿದ್ದುಪಡಿ ಕಾಯ್ದೆಯ ಮೂಲಕ ಕಂಬಳಕ್ಕೂ ಹೋರಿ ಓಟ, ಎತ್ತಿನ ಗಾಡಿ ಓಟಕ್ಕೂ ರಕ್ಷಣೆ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ಕಾಯ್ದೆಗಳನ್ನೂ ಎತ್ತಿಹಿಡಿಯಿತು. ಸುಮಾರು ಹತ್ತು ವರ್ಷದ ಈ ಹೋರಾಟ ನಡೆದದ್ದು ಪ್ರಾಣಿಹಿಂಸೆ ತಡೆ ಕಾಯ್ದೆಯ ಅಂಗಳದಲ್ಲಿ. ಹಾಗಾಗಿ ಹೋರಿಗೆ ನೋವಾಗಬಾರದು ಎಂಬುದರ ಮೇಲೆ ವಕೀಲರು, ನ್ಯಾಯಾಲಯಗಳು ಸರಿಯಾಗಿಯೇ ಗಮನವಿಟ್ಟವು. ಬೀದಿಯ ಮನುಷ್ಯ ಚರ್ಚೆಯ ಅಂಚಿಗೆ ಸರಿದ. ತಮಿಳುನಾಡು ಮಾತ್ರ ಅವನನ್ನು ಮರೆಯಲಿಲ್ಲ. ಅಲ್ಲಿನ 2017ರ ಜಲ್ಲಿಕಟ್ಟು ನಿಯಮಗಳಲ್ಲಿ ಎರಡು ಸಾಲಿನ ಬೇಲಿ ಬೇಕು, ಪ್ರೇಕ್ಷಕರ ಗ್ಯಾಲರಿ ಗಟ್ಟಿಯಿದೆ ಎಂದು ಲೋಕೋಪಯೋಗಿ ಇಲಾಖೆ ಪ್ರಮಾಣೀಕರಿಸಬೇಕು, ವೈದ್ಯರು ಸ್ಥಳದಲ್ಲಿರಬೇಕು. ಇಷ್ಟಿದ್ದೂ ಅಲ್ಲಿ ಜನ ಸಾಯುತ್ತಾರೆ ನಿಜ. ಆದರೆ ಅಲ್ಲಿ ಸಾವಾದಾಗ ಯಾವ ನಿಯಮ ಮುರಿಯಿತು ಎಂದು ಕೇಳಬಹುದು. ನಮ್ಮಲ್ಲಿ ಸಾವಾದಾಗ ಕೇಳಲು ಉಳಿಯುವುದು ಒಂದೇ, ಅನುಮತಿ ಇತ್ತೋ ಇಲ್ಲವೋ. ಅನುಮತಿ ಇರಲಿಲ್ಲ ಎಂದು ಅಧಿಕಾರಿಗಳು, ಅದು ಸ್ಪರ್ಧೆಯೇ ಅಲ್ಲ, ಹೋರಿಯನ್ನು ಪೂಜೆಗೆ ಮೆರೆಸುತ್ತಿದ್ದೆವು ಎಂದು ಊರವರು. ಎರಡೂ ಉತ್ತರದಲ್ಲಿ ಸತ್ತವರಿಗೆ ಹೊಣೆಗಾರರೇ ಇರುವುದಿಲ್ಲ. ಬಾಜಾ ಭಜಂತ್ರಿ, ಪಟಾಕಿಯ ನಡುವೆ ಹಗ್ಗ ಬಿಚ್ಚಿದ ಮೇಲೆ ಅದನ್ನು ಮೆರವಣಿಗೆ ಎಂದರೂ ಸ್ಪರ್ಧೆ ಎಂದರೂ ಪ್ರಾಣಿಗೆ ತಿಳಿಯುವುದಿಲ್ಲ, ಕಾನೂನಿಗೂ ತಿಳಿಯಬಾರದು.

ಬೇಲಿ ಕಟ್ಟಿದರೆ ಹಬ್ಬದ ಸೊಗಸೇ ಹೋಗುತ್ತದೆ, ಊರ ಬೀದಿಯಲ್ಲಿ ಅಗಸಿಯಿಂದ ಹೋರಿ ಬಂದರೇನೇ ಅದು ಹಬ್ಬ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಊರಿನ ಸಂಭ್ರಮ ಊರಿನೊಳಗೇ ಆಗಬೇಕೆಂಬ ಆಸೆ ನ್ಯಾಯವಾದದ್ದು. ಸ್ಪೇನಿನ ಪಾಂಪ್ಲೋನಾದವರಿಗೂ ಅದೇ ಆಸೆ. ಅವರ ಹೋರಿಗಳು ಇಂದಿಗೂ ಹಳೆಯ ಪೇಟೆಯ ಇಕ್ಕಟ್ಟು ಬೀದಿಗಳಲ್ಲೇ ಸುಮಾರು 850 ಮೀಟರ್ ಓಡುತ್ತವೆ. ಆದರೆ ಅಡ್ಡ ಬೀದಿಗಳಿಗೆಲ್ಲ ಎರಡು ಸಾಲಿನ ಮರದ ಬೇಲಿ. ಓಡುವವನು ಜೀವ ಉಳಿಸಿಕೊಳ್ಳಲು ಮೊದಲ ಸಾಲಿನಡಿ ನುಸುಳಬಹುದು, ಎರಡೂ ಸಾಲುಗಳ ನಡುವೆ ಶುಶ್ರೂಷೆಯವರು ನಿಂತಿರುತ್ತಾರೆ, ನೋಡುವವರು ಎರಡನೆಯದರ ಆಚೆ. 18 ತುಂಬದವರು ಓಡುವಂತಿಲ್ಲ. 1910ರಿಂದ ಈಚೆಗೆ ಅಲ್ಲಿ ಸತ್ತವರ ಲೆಕ್ಕ 16. ಅವರಲ್ಲಿ ಹೆಚ್ಚಿನವರು ತಾವಾಗಿ ಓಡಲು ಇಳಿದವರು. ಒಂದು ಶತಮಾನಕ್ಕೂ ಮೀರಿದ ಆ ಲೆಕ್ಕದ ಪಕ್ಕದಲ್ಲಿ ಒಂದು ದೀಪಾವಳಿಯ ಹಾವೇರಿಯ ಲೆಕ್ಕವನ್ನು ಇಟ್ಟು ನೋಡಬೇಕು. ಇನ್ನು ಜಾಗ ಬದಲಾದರೆ ಸಂಪ್ರದಾಯ ಸಾಯುತ್ತದೆ ಎನ್ನುವವರು 2023ರ ನವೆಂಬರ್ ನೆನೆಯಲಿ: ಕರಾವಳಿಯ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು, ಕೆಸರಿನ ಕರೆಯನ್ನು ಅಲ್ಲೇ ಕಟ್ಟಿದರು, ಜನ ಕಿಕ್ಕಿರಿದರು. ಕರಾವಳಿಯಲ್ಲಿ ಕಂಬಳ ನಿಂತೇನೂ ಹೋಗಲಿಲ್ಲ.

ಖರ್ಚಿನ ಮಾತೂ ಬರುತ್ತದೆ. ಫಾರ್ಮುಲಾ ಕಾರಿನವರ ಕಾಂಕ್ರೀಟು ಬಡ ರೈತನ ಹಬ್ಬಕ್ಕೆ ಎಲ್ಲಿಂದ ಬರಬೇಕು? ಕಾಂಕ್ರೀಟು ಬೇಡ. ದೊಡ್ಡ ಸ್ಪರ್ಧೆಗಳಲ್ಲಿ ಬೈಕು, ಬಂಗಾರ ಬಹುಮಾನ ಇಡುವ ಸಮಿತಿಗಳು ಒಂದು ಬೈಕಿನ ಬೆಲೆಯನ್ನು ಬೊಂಬು, ಸಾಗುವಾನಿ ಗಳ, ಕಬ್ಬಿಣದ ಪೈಪಿಗೆ ಹಾಕಲಿ. ಊರಿನ ಟ್ರ್ಯಾಕ್ಟರ್ ಟ್ರೇಲರುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಜನ ಕೂರುವ ಪದ್ಧತಿ ಹಲವು ಕಡೆ ಈಗಾಗಲೇ ಇದೆ. ಆ ಸಾಲಿನಲ್ಲಿ ಸಂದಿ ಬಿಡದಿದ್ದರೆ ಅದೇ ಅರ್ಧ ಬೇಲಿ. ಬಹುಮಾನ ಕೊಡಿಸುವ, ಫ್ಲೆಕ್ಸ್ ಮೇಲೆ ಮುಖ ಹಾಕಿಸಿಕೊಳ್ಳುವ ರಾಜಕಾರಣಿಗಳಿಗೂ ನನ್ನ ಆಗ್ರಹ ಇದೇ: ಬಹುಮಾನದ ಜೊತೆಗೆ ಬೇಲಿಯನ್ನೂ ಕೊಡಿಸಿ, ಇಲ್ಲವಾದರೆ ವೇದಿಕೆ ಹತ್ತಬೇಡಿ.

ಪೂರ್ತಿ ನಿಷೇಧ ಕೇಳುವವರಿಗೂ ಉತ್ತರ ಕೊಡಬೇಕು. ಅವರ ಕಳವಳ ಪ್ರಾಮಾಣಿಕ. ಆದರೆ ನಿಷೇಧದಿಂದ ಹೋರಿ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ. ಪೊಲೀಸರಿಗೆ ಹೇಳದೆ, ಆಂಬುಲೆನ್ಸ್ ಕರೆಯದೆ, ಬೆಳಗಿನ ಜಾವವೋ ಸಂಜೆಯ ಹೊತ್ತೋ ಅತಿ ಇಕ್ಕಟ್ಟಿನ ಓಣಿಯಲ್ಲೇ ಅದನ್ನು ಬಿಡುತ್ತಾರೆ. ಅನುಮತಿ ಸುಲಭವಾಗಿರಲಿ, ಷರತ್ತು ಕಠಿಣವಾಗಿರಲಿ. ಎದುರು ಬದಿಯವರು, ಅಪಾಯ ಗೊತ್ತಿದ್ದೇ ಜನ ಬರುತ್ತಾರಲ್ಲ ಎನ್ನುತ್ತಾರೆ. ಕೊಬ್ಬರಿಗೆ ಕೈ ಹಾಕುವ ಯುವಕನಿಗೆ ಈ ಮಾತು ಸಲ್ಲುತ್ತದೆ, ಅವನ ಧೈರ್ಯಕ್ಕೆ ನನ್ನ ಗೌರವವೂ ಇದೆ. ತಮ್ಮದೇ ಮನೆಯ ಕಟ್ಟೆಯ ಮೇಲೆ ಕೂತವರು ಯಾವ ಅಪಾಯಕ್ಕೂ ಒಪ್ಪಿಗೆ ಕೊಟ್ಟಿರುವುದಿಲ್ಲ.

ಮುಂದಿನ ದೀಪಾವಳಿಗೆ ಮೊದಲು ಗದಗ, ಹಾವೇರಿ, ಶಿವಮೊಗ್ಗ ಜಿಲ್ಲಾಡಳಿತಗಳು ಒಂದೇ ನಮೂನೆಯ ಷರತ್ತು ಹೊರಡಿಸಲಿ: ಹೋರಿ ಬಿಡುವ ಜಾಗದಿಂದ ಅದನ್ನು ಹಿಡಿದು ಕಟ್ಟುವ ಜಾಗದವರೆಗೆ ಎರಡೂ ಬದಿ ಬೇಲಿ, ಕೊನೆಗೆ ಮುಚ್ಚಿದ ಅಂಗಳ, ಹಿಂದಿನ ದಿನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಸಹಿ, ನೋಡುವವರಿಗೂ ಸೇರಿಸಿ ವಿಮೆ. ಪಾಡ್ಯದ ಹೊತ್ತಿಗೆ ಈ ಸೀಮೆಯ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ ಇನ್ನೂ ನಿಂತಿರುತ್ತವೆ, ಬಯಲು ಸಿಗುವುದಿಲ್ಲ ಎಂಬುದು ನಿಜವಾದ ತೊಡಕು. ಹಾಗಿದ್ದಲ್ಲಿ ಪಾಡ್ಯದಂದು ಹೋರಿಗೆ ಪೂಜೆ ಮಾಡಿ ಹಗ್ಗ ಹಿಡಿದೇ ಊರು ಸುತ್ತಿಸಲಿ, ಬಿಡುವ ಸ್ಪರ್ಧೆಯನ್ನು ಸಂಕ್ರಾಂತಿಯ ಮೇಲೆ, ಹೊಲ ಖಾಲಿಯಾದಾಗ ಇಡಲಿ. ಎಷ್ಟೋ ಊರುಗಳಲ್ಲಿ ದೊಡ್ಡ ಸ್ಪರ್ಧೆಗಳು ಆಗಲೇ ನಡೆಯುತ್ತವೆ. ಲಕ್ಷ್ಮೇಶ್ವರದಿಂದ ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ 40 ಕಿ.ಮೀ. ಆಸುಪಾಸು. ಹೊಟ್ಟೆಗೆ ಕೋಡು ಹೊಕ್ಕವರು ಆ ದೂರ ದಾಟುವುದು ಕಷ್ಟ. ಆದ್ದರಿಂದ ಷರತ್ತಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಇರಲಿ: ವೈದ್ಯರಿರುವ ಆಂಬುಲೆನ್ಸ್ ಊರಿಗೆ ಬಂದು ನಿಲ್ಲುವವರೆಗೆ ಮೊದಲ ಹೋರಿಯ ಹಗ್ಗ ಬಿಚ್ಚುವಂತಿಲ್ಲ, ಅದು ಒಬ್ಬ ಗಾಯಾಳುವನ್ನು ಕರೆದುಕೊಂಡು ಹೊರಟರೆ ಮತ್ತೊಂದು ಬರುವವರೆಗೆ ಮುಂದಿನ ಹೋರಿ ಬಿಡುವಂತಿಲ್ಲ.